ಎಡಸೊಂಟದ ಕೊಡ, ಶನಿವಾರದ ಎಣ್ಣೆ

ಸೈಕಲ್ ಕಲಿಯಲು ನನಗೆ ಬಿದ್ದ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿ ನಡೆಸುವವಳು ನಾನು, ಬೆಲೆ ಮುಚ್ಚಿಟ್ಟು ಮಾತಾಡುವ ಅಭ್ಯಾಸವಿಲ್ಲ. ಒಂದು ಮೊಣಕೈ, ಎರಡು ದಿನದ ಸುಳ್ಳು, ಮತ್ತು ನನ್ನ ಬದಲಿಗೆ ಅಮ್ಮ ಮೂರು ವರ್ಷ ಹೊತ್ತ ನೀರು, ದಿನಕ್ಕೆ ಹದಿನಾಲ್ಕು ಕೊಡ. ಇಷ್ಟು ಯಾಕೆ ಬಿತ್ತೆಂದರೆ, ನನ್ನ ಮೈಯಲ್ಲಿದ್ದದ್ದು ಏನು, ಅದನ್ನು ಇಟ್ಟುಕೊಂಡು ಎಷ್ಟು ಓಡಬಹುದು, ಎಷ್ಟು ಹೊರಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾಲು ಯಾವುದೆಂದು ಗೊತ್ತಿಲ್ಲದೆ ಚೌಕಾಸಿಗೆ ಕೂತವರು ಹೆಚ್ಚು ಕೊಟ್ಟೇ ಏಳುವುದನ್ನು ಆಮೇಲೆ ನನ್ನ ಅಂಗಡಿಯಲ್ಲಿ ದಿನಾ ನೋಡಿದ್ದೇನೆ. ಮೊದಲು ನೋಡಿದ್ದು ನಮ್ಮ ಮನೆಯಲ್ಲೇ.

ಆನಂದಪುರದಿಂದ ಸಾಗರದ ಕಡೆಗೆ ಮೂರು ಮೈಲಿ ಬಂದರೆ ರಸ್ತೆ ಬಾಗುವ ಒಂದು ಜಾಗದಲ್ಲಿ ಅಪ್ಪಯ್ಯನ ಬಾಡಿಗೆ ಸೈಕಲ್ ಶಾಪು ಇತ್ತು. ಅದರ ಬೆನ್ನಿಗೆ ಮನೆ. ಗೇಣಿಯ ಗದ್ದೆ ಸ್ವಂತಕ್ಕೆ ಬಂದ ಮೇಲೆ ಉಳುಮೆಯನ್ನು ಚಿಕ್ಕಪ್ಪಂದಿರಿಗೆ ಬಿಟ್ಟು, ತನ್ನ ಪಾಲಿಗೆ ಆರು ಸೈಕಲ್ಲು ಮತ್ತು ಒಂದು ಪಂಪು ತಂದುಕೊಂಡವನು ಅಪ್ಪಯ್ಯ. ಮುಂದಿನ ಕೋಣೆ ಶಾಪು, ನಡುವಿನದು ಊಟಕ್ಕೂ ನಿದ್ದೆಗೂ, ಅದರಾಚೆ ಅಡುಗೆಮನೆ, ಪಕ್ಕದಲ್ಲಿ ಹೊಗೆ ಹಿಡಿದು ಕಪ್ಪಾದ ಬಚ್ಚಲು. ಪಂಕ್ಚರಿಗೆ ಹಚ್ಚುವ ಸಲ್ಯೂಷನ್ನಿನ ವಾಸನೆ ಒಗ್ಗರಣೆಯ ಮೇಲೂ ಬಂದು ಕೂರುತ್ತಿತ್ತು. ನಾನು ಅನ್ನದ ತಟ್ಟೆಯ ಮುಂದೆ ಕೂತರೆ ಬಾಗಿಲಿನಾಚೆ ಅಪ್ಪಯ್ಯ ಟ್ಯೂಬಿಗೆ ಗಾಳಿ ಹೊಡೆಯುವುದು ಕಾಣುತ್ತಿತ್ತು. ಹಳೆಯ ಟ್ಯೂಬು ಒಂದೊಂದು ಕಡೆ ಬೋರೆಹಣ್ಣಿನ ಹಾಗೆ ಉಬ್ಬುತ್ತಿತ್ತು. ಅಪ್ಪಯ್ಯ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಇದು ಇವತ್ತಲ್ಲ ನಾಳೆ ಒಡೆಯುವ ಮಾಲು ಎಂದು ಪಕ್ಕಕ್ಕೆ ಎಸೆಯುತ್ತಿದ್ದ. ನಾನು ತುತ್ತು ಬಾಯಲ್ಲೇ ಇಟ್ಟುಕೊಂಡು ನನ್ನ ತೋಳನ್ನು ನೋಡಿಕೊಳ್ಳುತ್ತಿದ್ದೆ. ಅಲ್ಲೂ ಅಂಥದೇ ಎರಡು ಉಬ್ಬು ಇದ್ದವು.

ಹುಟ್ಟಿದಾಗಲೇ ನನ್ನ ಹೊಟ್ಟೆ, ಬೆನ್ನು, ತೊಡೆಯ ಮೇಲೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಮಚ್ಚೆಗಳಿದ್ದವಂತೆ. ಅದೃಷ್ಟದ ಮಚ್ಚೆ ಎಂದು ಹೊಸನಗರದಿಂದ ಬಂದ ಅಮ್ಮನ ತವರಿನವರು ಹೇಳಿ ಹೋಗಿದ್ದರು. ಒಂಬತ್ತು ತುಂಬಿದ ಮೇಲೆ ಗಂಟುಗಳು ಬರತೊಡಗಿದವು. ಒತ್ತಿದರೆ ಮೆತ್ತಗೆ ಒಳಹೋಗಿ ಮತ್ತೆ ಮೇಲೆ ಬರುವಂಥವು. ದೊಡ್ಡದೊಂದು ಬಲಗಡೆ ಸೊಂಟದ ಮೇಲೆ, ಬೆನ್ನುಮೂಳೆಯಿಂದ ನಾಲ್ಕು ಬೆರಳು ಆಚೆ ಇತ್ತು, ನೆಲ್ಲಿಕಾಯಿಯಷ್ಟು. ಶನಿವಾರ ನಮ್ಮ ಮನೆಯಲ್ಲಿ ಎಣ್ಣೆನೀರು. ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ ಅಮ್ಮ ಬೆಚ್ಚಗಿನ ಎಣ್ಣೆ ಹಚ್ಚುತ್ತಿದ್ದಳು. ಅವಳ ಕೈ ಜಾರುತ್ತಾ ಬಂದು ಒಂದು ಕಡೆ ನಿಲ್ಲುತ್ತಿತ್ತು, ಮುಂದೆ ಹೋಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಎಣಿಸುತ್ತಿದ್ದಾಳೆಂದು ನನಗೆ ತಿಳಿದಿತ್ತು. ಎಷ್ಟೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ ಜಾಗದಲ್ಲಿ ಕೈ ನಿಂತರೆ ಮಾತ್ರ ಅವಳ ಉಸಿರು ಒಂದು ಕ್ಷಣ ನಿಲ್ಲುವುದು ನನ್ನ ಕುತ್ತಿಗೆಗೆ ಗೊತ್ತಾಗುತ್ತಿತ್ತು. 

ಅಪ್ಪಯ್ಯನ ತಾಯಿ, ನಮ್ಮ ಅಜ್ಜಿಯ ಪ್ರಕಾರ ಇದು ನಾಗನ ಸಿಟ್ಟು. ಅವಳು ಹರಕೆ ಹೊತ್ತಳು, ಹುತ್ತಕ್ಕೆ ಹಾಲೆರೆದಳು, ಹುತ್ತದ ಮಣ್ಣು ತಂದು ಹಚ್ಚಿದಳು. ಅಮ್ಮನದು ಬೇರೆ ಹೆದರಿಕೆ. ಮನೆಯ ಮುಂದೆಯೇ ಟ್ಯೂಬುಗಳು ಒಡೆಯುತ್ತಿದ್ದವಲ್ಲ, ಓಡಿದರೆ, ಜಿಗಿದರೆ, ಬಿದ್ದರೆ ನನ್ನ ಗಂಟೂ ಒಡೆಯುತ್ತದೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಕುಂಟೆಬಿಲ್ಲೆ ಇಲ್ಲ, ಖೊಖೊ ಇಲ್ಲ, ಹಗ್ಗದಾಟ ಇಲ್ಲ. ಸೈಕಲ್ ಶಾಪಿನ ಮಗಳಾಗಿ ಸೈಕಲ್ ಮುಟ್ಟುವ ಹಾಗಿಲ್ಲ. ಶಾಲೆಯಲ್ಲಿ ಆಟದ ಪಿರಿಯಡ್ಡಿಗೆ ಎಲ್ಲರ ಚೀಲ, ಚಪ್ಪಲಿ ಕಾಯುತ್ತಾ ಕಟ್ಟೆಯ ಮೇಲೆ ಕೂರುತ್ತಿದ್ದೆ. ಸುಮ್ಮನೆ ಕೂರುವವಳಲ್ಲ ನಾನು. ಒಂದು ಚೀಲ ಕಾದದ್ದಕ್ಕೆ ಎರಡು ಬೆಟ್ಟದ ನೆಲ್ಲಿಕಾಯಿ, ಚಪ್ಪಲಿಯೂ ಇದ್ದರೆ ಮೂರು ಎಂದು ದರ ಗೊತ್ತುಮಾಡಿದ್ದೆ. ನನ್ನ ಮೊದಲ ವ್ಯಾಪಾರ ಅದೇ. ಆದರೆ ನೆಲ್ಲಿಕಾಯಿ ಜಗಿಯುತ್ತಾ ನೋಡುತ್ತಿದ್ದದ್ದು ಓಡುವವರ ಕಾಲುಗಳನ್ನು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಬಾವಿ ಹಿತ್ತಿಲ ಇಳಿಜಾರಿನ ಕೆಳಗಿತ್ತು. ಹತ್ತು ತುಂಬಿದ ದಿನದಿಂದ ಮನೆಯ ನೀರು ನನ್ನ ಪಾಲಿನ ಕೆಲಸ, ಬೆಳಿಗ್ಗೆ ಎಂಟು ಕೊಡ, ಸಂಜೆ ಆರು. ಬಲಸೊಂಟದಲ್ಲಿ ಕೊಡ ಇಟ್ಟರೆ ಅದರ ಅಂಚು ದೊಡ್ಡ ಗಂಟಿಗೆ ಒತ್ತುತ್ತಿತ್ತು, ಹಾಗಾಗಿ ಹದಿನಾಲ್ಕನ್ನೂ ಎಡಸೊಂಟದಲ್ಲೇ ತರುತ್ತಿದ್ದೆ. ಅಂಥದೇ ಅಳತೆಯ ಹಿತ್ತಾಳೆ ಕೊಡವನ್ನು ಮುಂದೆ ನನ್ನ ಅಂಗಡಿಯಲ್ಲಿ ನೀರು ತುಂಬಿಸಿ ತೂಗಿ ನೋಡಿದ್ದೇನೆ, ಒಂಬತ್ತು ಕಿಲೋ ಚಿಲ್ಲರೆ. ಒಂದು ಸಂಜೆ ದಿಬ್ಬ ಹತ್ತುವಾಗ ಸೊಂಟ ಹಿಡಿದುಕೊಂಡು ನಿಂತೆ. ಅದನ್ನು ಕಂಡ ಅಪ್ಪಯ್ಯ ಅಜ್ಜಿಯನ್ನು ಕೇಳಿದ, ಈ ಕೂಸಿಗೆ ಕೊಡ ಭಾರ ಆಗಲ್ವಾ ಅಂತ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ನೀರು ತಂದ್ರೆ ಎಂಥ ಆಗ್ತದೆ? ಅದೇನು ಆಟನಾ ಬೀಳಕ್ಕೆ? ಕೆಲ್ಸ ಅದು."

ಅಮ್ಮನಿಗೂ ಅದು ಸರಿ ಎನಿಸಿತು, ಅಪ್ಪಯ್ಯನಿಗೂ. ನಿಜ ಹೇಳಬೇಕೆಂದರೆ ನನಗೂ. ಮೈಗೆ ಅಪಾಯ ಬರುವುದು ಆಟದಿಂದ, ಕೆಲಸದಿಂದಲ್ಲ. ನಮ್ಮಂಥ ದುಡಿಯುವ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಗೊತ್ತೇ ಇರುತ್ತದೆ.

ಏಳನೇ ಕ್ಲಾಸು ಮುಗಿಯುತ್ತಾ ಬಂದಾಗ ಪ್ರಶ್ನೆ ಎದ್ದಿತು. ಹೈಸ್ಕೂಲು ಇದ್ದದ್ದು ಆನಂದಪುರದಲ್ಲಿ. ಶಾಲೆಯ ಹೊತ್ತಿಗೆ ಸರಿಯಾಗಿ ನಮ್ಮ ತಿರುವಿನಲ್ಲಿ ನಿಲ್ಲುವ ಬಸ್ಸು ಇರಲಿಲ್ಲ. ಹೋಗಿಬರಲು ಆರು ಮೈಲಿ ನಡೆಯಬೇಕು, ಇಲ್ಲವೇ ಸೈಕಲ್ಲು. ಎರಡೂ ಆಗದಿದ್ದರೆ ಓದು ಅಲ್ಲಿಗೆ ಮುಗಿಯಿತು. ಊಟಕ್ಕೆ ಕೂತಾಗಲೆಲ್ಲ ಇದೇ ಜಗಳ. ಅಮ್ಮ ಸಾರು ಬಡಿಸುತ್ತಲೇ ಮಾತು ತೆಗೆಯುತ್ತಿದ್ದಳು.

"ಊರಿಗೆಲ್ಲ ಸೈಕಲ್ ಕೊಡ್ತೀರಿ, ಯಾರ್ಯಾರು ಎಲ್ಲೆಲ್ಲಿ ಬಿದ್ರು ಅಂತ ದಿನಾ ನೀವೇ ಕತೆ ಹೇಳ್ತೀರಿ. ಇವಳನ್ನ ಹತ್ತಿಸ್ತೀರಾ?"

"ಮತ್ತೆ ಎಂಥ ಮಾಡದು? ಮನೇಲಿ ಕೂರ್ಸಿ ಗಂಟು ಕಾಯದಾ?"

"ಗಂಟು ಒಡೆದ್ರೆ ಪ್ಯಾಚ್ ಹಾಕ್ತೀರಾ ನೀವು?"

ಅಪ್ಪಯ್ಯ ಕೈ ತೊಳೆಯಲು ಎದ್ದುಹೋದ. ಎರಡು ದಿನದ ಮೇಲೆ, ಸಾಗರದ ಡಾಕ್ಟರ ಹತ್ತಿರ ತೋರಿಸುವುದು, ಅವರು ಬೇಡವೆಂದರೆ ಶಾಲೆ ಬಿಡಿಸುವುದು ಎಂದು ತೀರ್ಮಾನವಾಯಿತು. ಅಲ್ಲಿಯತನಕ ನನ್ನನ್ನು ಡಾಕ್ಟರಿಗೆ ತೋರಿಸಿರಲಿಲ್ಲ. ಬಸ್ಸಿನಲ್ಲಿ ಇಬ್ಬರ ನಡುವೆ ಕೂತು ನಾನು ಮನಸ್ಸಿನಲ್ಲೇ ಉತ್ತರಗಳನ್ನು ಜೋಡಿಸಿಕೊಂಡೆ. ಕಾಲು ನೋವಿಲ್ಲ, ತಲೆನೋವಿಲ್ಲ, ಸುಸ್ತಿಲ್ಲ. ಬೆನ್ನು ಮಾತ್ರ ಸಂಜೆಯ ಹೊತ್ತು ನೋಯುತ್ತಿತ್ತು. ಅದನ್ನು ಹೇಳಬಾರದೆಂದು ಗಟ್ಟಿ ಮಾಡಿಕೊಂಡೆ.

ಡಾಕ್ಟರು ವಯಸ್ಸಾದವರು, ಆತುರವಿಲ್ಲದವರು. ಮಚ್ಚೆಗಳನ್ನು ನೋಡಿದರು, ಕಂಕುಳಲ್ಲಿ ಸಣ್ಣ ಚುಕ್ಕೆಗಳಿವೆಯೇ ಎಂದು ಹುಡುಕಿದರು, ಕಣ್ಣಿಗೆ ಬೆಳಕು ಬಿಟ್ಟರು, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ಮೊಣಕಾಲಿನ ಕೆಳಗಿನ ಮೂಳೆ ನೆಟ್ಟಗಿದೆಯೇ ಎಂದು ಬೆರಳಾಡಿಸಿದರು. ನ್ಯೂರೋಫೈಬ್ರೊಮಟೋಸಿಸ್ ಎಂಬ ಹೆಸರನ್ನು ನಾವು ಕೇಳಿದ್ದು ಅವತ್ತೇ. ಅದು ನರದ ಹೊದಿಕೆಯಲ್ಲಿ ಗಂಟು ಬೆಳೆಯುವ ತೊಂದರೆ, ಹುಟ್ಟಿನಿಂದ ಬಂದದ್ದು, ಯಾರಿಗೂ ಅಂಟುವುದಿಲ್ಲ, ಯಾರ ಸಿಟ್ಟೂ ಅಲ್ಲ ಎಂದರು. ಅಮ್ಮ ಹೆದರಿಕೆ ಹೇಳಿಕೊಂಡದ್ದಕ್ಕೆ, ಗಂಟು ಟ್ಯೂಬಿನ ಹಾಗೆ ಒಡೆಯುವುದಿಲ್ಲ, ಅದರಲ್ಲಿ ಗಾಳಿ ಇಲ್ಲ ಎಂದಾಗ ಅಪ್ಪಯ್ಯ ಅಮ್ಮನ ಮುಖ ನೋಡಿದ. ಆಮೇಲೆ ಡಾಕ್ಟರು ನನ್ನನ್ನು ಕೈ ಜೋಡಿಸಿ ಮುಂದಕ್ಕೆ ಬಾಗಲು ಹೇಳಿ ಬೆನ್ನನ್ನು ಹಿಂದಿನಿಂದ ನೋಡುತ್ತಾ ಅಮ್ಮನನ್ನು ಕೇಳಿದರು.

"ಹುಡುಗಿ ಏನೇನು ಆಟ ಆಡ್ತಾಳೆ?"

"ಎಂಥದೂ ಇಲ್ಲ ಡಾಕ್ಟ್ರೇ. ಓಡಕ್ಕೆ ಬಿಟ್ಟೇ ಇಲ್ಲ. ಕೂತಲ್ಲೇ ಕೂರ್ಸಿ ಸಾಕಿದೀನಿ."

ಡಾಕ್ಟರ ಬೆರಳು ಬೆನ್ನುಮೂಳೆಯ ಗುಂಟ ಇಳಿದು ಎಡಸೊಂಟದ ಹತ್ತಿರ ನಿಂತಿತು. ಅಲ್ಲಿ ಅಂಗೈ ಅಗಲದ ಚರ್ಮ ಕಪ್ಪಾಗಿ ದಡ್ಡುಗಟ್ಟಿತ್ತು.

"ಇದೇನಮ್ಮ? ಇದೂ ಹುಟ್ಟಿದಾಗಿಂದ ಇರೋ ಮಚ್ಚೆನಾ?"

"ಅಲ್ಲ, ಅದು ಕೊಡ ಕೂರೋ ಜಾಗ."

"ಯಾವ ಕೊಡ?"

"ನೀರಿನ ಕೊಡ. ಬಾವಿಯಿಂದ ತರ್ತಾಳಲ್ಲ."

"ದಿನಕ್ಕೆ ಎಷ್ಟು?"

ಅಮ್ಮ ನನ್ನ ಕಡೆ ನೋಡಿದಳು. ಹದಿನಾಲ್ಕು ಎಂದೆ, ಬಾಗಿಕೊಂಡೇ. ಡಾಕ್ಟರು ನನ್ನನ್ನು ನೆಟ್ಟಗೆ ನಿಲ್ಲಿಸಿ ಅಮ್ಮನ ಕಡೆ ತಿರುಗಿದರು.

"ಓಡಿದ್ರೆ ಏನಾಗುತ್ತೋ ಅಂತ ಹೆದರಿದ್ರಿ. ಇದಕ್ಕೆ ಹೆದರಲಿಲ್ವಾ?"

"ಅದು ಆಟ ಅಲ್ವಲ್ಲ ಡಾಕ್ಟ್ರೇ," ಎಂದಳು ಅಮ್ಮ. "ಕೆಲ್ಸ."

ಹೇಳಿ ಮುಗಿಸುವಷ್ಟರಲ್ಲಿ ಆ ಮಾತು ಅವಳಿಗೇ ಕೇಳಿಸಿತೆಂದು ಕಾಣುತ್ತದೆ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಬೆನ್ನುಮೂಳೆ ಸ್ವಲ್ಪ ಬಾಗಿದೆ, ಅದು ಕೊಡದಿಂದ ಬಂದದ್ದಲ್ಲ, ಈ ತೊಂದರೆ ಇರುವ ಕೆಲವರಿಗೆ ಬರುತ್ತದೆ, ಆದರೆ ಬೆಳೆಯುವ ವಯಸ್ಸಿನಲ್ಲಿ ಒಂದೇ ಕಡೆ ಅಷ್ಟು ಭಾರ ಬೇಡ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಮ್ಮನಿಗೆ ಕೊನೆಯ ಮಾತು ಮಾತ್ರ ಕೇಳಿಸಿತು. ಅಪ್ಪಯ್ಯ ತನ್ನ ಕಸುಬಿನ ಮಾತನ್ನೇ ಆಡಿದ.

"ರಿಮ್ಮಿನ ಬೆಂಡು ನಾನೇ ತೆಗೀತೀನಿ ಡಾಕ್ಟ್ರೇ. ಇದನ್ನ ಯಾರು ತೆಗೀತಾರೆ?"

"ಮೊದ್ಲು ಬೆಂಡು ಎಷ್ಟಿದೆ ನೋಡಣ. ಹೆಚ್ಚಾಗ್ತದಾ ಅಂತ ಆಮೇಲೆ ಕಾಯಣ."

ಶಿವಮೊಗ್ಗಕ್ಕೆ ಹೋಗಿ ಎಕ್ಸ್‌ರೇ ತೆಗೆಸಿ, ಅದು ಡಾಕ್ಟರ ಕೈಗೆ ಬರುವ ತನಕ ಹದಿನೈದು ದಿನ. ಆ ಹದಿನೈದು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಡಾಕ್ಟರು ಹೇಳಿದ್ದು ಇಷ್ಟು: ಬಾಗು ಸಣ್ಣದು, ಆರಾರು ತಿಂಗಳಿಗೆ ಫಿಲ್ಮು ತೆಗೆದು ನೋಡಬೇಕು, ಹೆಚ್ಚಾದರೆ ಬೆಲ್ಟು, ಅದಕ್ಕೂ ಮೀರಿದರೆ ಆಪರೇಷನ್ನು. ಸದ್ಯಕ್ಕೆ ನಡೆಯಬಹುದು. ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಸೈಕಲ್ ತುಳಿಯಬಹುದು. ಒಳ್ಳೆಯದೇ, ಮಾಂಸಖಂಡ ಗಟ್ಟಿಯಾಗಲಿ. ಮೈಗೆ ಮೈ ಗುದ್ದುವ ಆಟ ಬೇಡ. ಎಲ್ಲಾದರೂ ನೋವು ನಿಲ್ಲದಿದ್ದರೆ, ಜೋಮು ಹಿಡಿದರೆ, ಗಂಟು ಬೇಗ ಬೇಗ ಬೆಳೆದರೆ ತಕ್ಷಣ ಬರಬೇಕು. ಆ ಕಾಗದವನ್ನು ಅಪ್ಪಯ್ಯ ಶಾಪಿನ ಗೋಡೆಗೆ, ಬಾಡಿಗೆ ದರದ ಬೋರ್ಡಿನ ಪಕ್ಕ ಮೊಳೆ ಹೊಡೆದು ಸಿಕ್ಕಿಸಿದ.

ನನ್ನ ಓದು ಉಳಿಯಿತು ಅಂದುಕೊಂಡೆ. ಆದರೆ ಅಮ್ಮನ ಹೆದರಿಕೆ ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹಂಡೆ ತುಂಬಿತ್ತು. ಎಂಟು ಕೊಡವನ್ನೂ ಅವಳೇ ತಂದಿದ್ದಳು. ಪೊರಕೆ ಕಿತ್ತುಕೊಂಡಳು, ಒರಳಿನ ಹತ್ತಿರ ಬಿಡಲಿಲ್ಲ, ಚೊಂಬು ಎತ್ತಿದರೂ ಓಡಿ ಬಂದಳು. ಅಜ್ಜಿ ಕಂಬಕ್ಕೆ ಒರಗಿ ಕೂತು, "ಸೊಸೆ ನೀರು ಹೊರದು, ಮೊಮ್ಮಗಳು ಮಹಾರಾಣಿ," ಎಂದು ಚುಚ್ಚಿದಳು. ಆಟ ಮೊದಲೇ ಇರಲಿಲ್ಲ, ಈಗ ಕೆಲಸವೂ ಇಲ್ಲ. ಹೈಸ್ಕೂಲು ಶುರುವಾಗಲು ಎರಡೂವರೆ ತಿಂಗಳಿತ್ತು. ಹೀಗೆ ಕೂತರೆ ಮೂರು ಮೈಲಿ ತುಳಿಯುವ ಕಾಲು ಎಲ್ಲಿಂದ ಬರಬೇಕು? ಒಂದು ಭಾನುವಾರ ಅಮ್ಮ ದೋಸೆಗೆ ರುಬ್ಬುತ್ತಿದ್ದಾಗ ಎದುರಿಗೆ ಹೋಗಿ ಕೂತೆ.

"ಅಮ್ಮ, ಶನಿವಾರ ನೀನು ಎಣಿಸ್ತೀಯಲ್ಲ."

"ಎಂಥ ಎಣಿಸದು?"

"ಗಂಟು. ನಂಗೆ ಗೊತ್ತು."

ಒರಳು ತಿರುಗುವುದು ನಿಂತಿತು.

"ಇನ್ನು ಮೇಲೆ ಬಾಯಿಬಿಟ್ಟೇ ಎಣಿಸು. ಈ ವಾರ ನಾನು ದಿನಾ ಅಂಗಳದಲ್ಲಿ ಮೂರು ಸುತ್ತು ಸೈಕಲ್ ತುಳೀತೀನಿ, ನೀನು ನಿಂತು ನೋಡು. ಶನಿವಾರ ಒಂದು ಗಂಟು ದಪ್ಪಾಗಿದ್ರೂ ಬಿಟ್ಟುಬಿಡ್ತೀನಿ. ಇಲ್ದಿದ್ರೆ ಬರೋ ವಾರ ಆರು ಸುತ್ತು."

"ನಾಕು."

"ಐದು."

"ನಾಕು ಅಂದ್ನಲ್ಲ. ಹೆಚ್ಚು ಮಾತಾಡಿದ್ರೆ ಮೂರೇ."

ನಾಲ್ಕಕ್ಕೆ ಒಪ್ಪಿದೆ. ಎದುರಿನವರು ತಮ್ಮದೇ ತಕ್ಕಡಿಯಲ್ಲಿ ತೂಗಿದ್ದನ್ನು ನಂಬುತ್ತಾರೆ, ನಮ್ಮದರಲ್ಲಿ ತೂಗಿದ್ದನ್ನಲ್ಲ ಎಂಬುದು ನನಗೆ ತಿಳಿದದ್ದು ಆ ಒರಳಿನ ಮುಂದೆ. ಇವತ್ತಿಗೂ ಸಾಗರದ ನನ್ನ ಪಾತ್ರೆ ಅಂಗಡಿಯಲ್ಲಿ ತೂಕದ ಮುಳ್ಳನ್ನು ಗಿರಾಕಿಯ ಕಡೆಗೇ ತಿರುಗಿಸಿ ಇಡುತ್ತೇನೆ.

ಕಲಿಸಿದವನು ಅಪ್ಪಯ್ಯ. ಆಗ ಮಕ್ಕಳೆಲ್ಲ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಾ ಕಲಿಯುತ್ತಿದ್ದರು. ಅಪ್ಪಯ್ಯ ಗೋಡೆಯ ಕಾಗದ ನೋಡಿ, ಒಳಪೆಡಲ್ ಬ್ಯಾಡ, ಮೈ ತಿರುಚ್ತದೆ ಎಂದ. ಮೂಲೆಯಲ್ಲಿದ್ದ ಲೇಡೀಸ್ ಸೈಕಲ್ಲು ತೆಗೆದು, ಸೀಟು ಇಳಿಸಿ, ನಾನು ಬಾಗದಂತೆ ಹ್ಯಾಂಡಲ್ ಎತ್ತರಿಸಿ, ಸೀಟಿಗೆ ಗೋಣಿ ಮಡಚಿ ಕಟ್ಟಿದ. ಹಿಂದಿನಿಂದ ಹಿಡಿದು ಓಡುವವನು ಅವನು, ತುಳಿಯುವವಳು ನಾನು, ಮೆಟ್ಟಿಲ ಮೇಲೆ ಸುತ್ತು ಎಣಿಸುತ್ತಾ ನಿಂತವಳು ಅಮ್ಮ. ಮೂರು, ನಾಲ್ಕು, ಆರು, ಹತ್ತು ಸುತ್ತು. ಶನಿವಾರ ಬಚ್ಚಲಲ್ಲಿ ಅಮ್ಮ ಬಾಯಿಬಿಟ್ಟು ಎಣಿಸುತ್ತಿದ್ದಳು. ಮೊದಲ ಸಲ ಕೇಳಿದಾಗ, ನಾನು ಎಂಟೋ ಹತ್ತೋ ಅಂದುಕೊಂಡಿದ್ದು ಹತ್ತೊಂಬತ್ತು ಇತ್ತು. ಆದರೆ ಆ ಬೇಸಿಗೆಯೆಲ್ಲ ಅದು ಹತ್ತೊಂಬತ್ತೇ ಉಳಿಯಿತು. ಸಂಜೆಯ ಬೆನ್ನುನೋವೂ ಇಳಿದಿತ್ತು. ಅದು ಕೊಡ ಬಿಟ್ಟಿದ್ದಕ್ಕೋ, ಪೆಡಲ್ ತುಳಿದಿದ್ದಕ್ಕೋ ತಿಳಿಯದು.

ಶಾಲೆಗೆ ವಾರವಿದ್ದಾಗ, ಒಂದು ಗುರುವಾರ, ಅಂಗಳ ಬಿಟ್ಟು ಒಬ್ಬಳೇ ರಸ್ತೆಗೆ ಇಳಿದವಳು ತಿರುವಿನಲ್ಲಿ ಲಾರಿಯ ಹಾರನ್ನಿಗೆ ಬೆದರಿ ಜಲ್ಲಿಯ ಮೇಲೆ ಬಿದ್ದೆ. ಎಡ ಮೊಣಕೈಯ ಮೇಲೆ ಬೆಳೆದಿದ್ದ ಗಂಟಿಗೇ ಪೆಟ್ಟು. ಅದು ನೇರಳೆ ಬಣ್ಣಕ್ಕೆ ತಿರುಗಿ ನಿಂಬೆಹಣ್ಣಿನಷ್ಟು ಊದಿತು. ಕಿರುಬೆರಳಲ್ಲಿ ಇರುವೆ ಹರಿದಂತೆ ಜುಮುಜುಮು. ಅಪ್ಪಯ್ಯ ಪೇಟೆಗೆ ಹೋಗಿದ್ದ, ಅಮ್ಮ ಬಾವಿಯ ಹತ್ತಿರ ಇದ್ದಳು. ಎದ್ದು ಸೈಕಲ್ ಒರೆಸಿ ಇಟ್ಟೆ. ಬಿಸಿಲಿಗೆ ಅಂತ ಸುಳ್ಳು ಹೇಳಿ ಅಪ್ಪಯ್ಯನ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡೆ. ಎರಡು ದಿನ ಬಲಗೈಯಲ್ಲೇ ಎಲ್ಲ ಮಾಡಿದೆ. ಅಮ್ಮ ಕೂಗಿದಾಗಲೆಲ್ಲ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದೆ. ಕಿರುಬೆರಳನ್ನು ಚಿವುಟಿ ನೋಡಿಕೊಳ್ಳುತ್ತಿದ್ದೆ. ಚಿವುಟಿದ್ದು ಸರಿಯಾಗಿ ತಿಳಿಯುತ್ತಿರಲಿಲ್ಲ. ಬೆರಳು ಹೋದರೂ ಹೋಗಲಿ, ಶಾಲೆ ಉಳಿಯಲಿ ಎಂದು ದೇವರ ಜೊತೆಗೂ ಚೌಕಾಸಿ ಮಾಡಿದೆ. ಆದರೆ ಮೂರನೆಯ ದಿನ ಶನಿವಾರ, ಅದನ್ನು ಚೌಕಾಸಿಯಿಂದ ಮುಂದೂಡಲು ಆಗಲಿಲ್ಲ.

ಬಚ್ಚಲಲ್ಲಿ ಅಂಗಿ ತೆಗೆಯುವಾಗಲೇ ಅಮ್ಮನಿಗೆ ಕಂಡಿತು. ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು.

"ಇದು ಯಾವತ್ತಿಂದು?"

"ಗುರುವಾರದ್ದು."

"ಬೆರಳು ಆಡಿಸು. ಎಂಥ ಆಗ್ತದೆ?"

"ಜುಮ್ ಅಂತದೆ."

ಅವಳು ಬೈಯಲಿಲ್ಲ, ಅಳಲಿಲ್ಲ. ಎಣ್ಣೆ ಹಚ್ಚದೆಯೇ ನನ್ನ ತಲೆಗೆ ನೀರು ಹೊಯ್ದು, ಬಟ್ಟೆ ತೊಡಿಸಿ, ಹನ್ನೊಂದರ ಬಸ್ಸಿಗೆ ಸಾಗರಕ್ಕೆ ಹೊರಡಿಸಿದಳು. ಡಾಕ್ಟರು ಕೈಯನ್ನು ತಿರುಗಿಸಿ, ಮಡಚಿ, ಸೂಜಿಯ ತುದಿ ತಾಗಿಸಿ ನೋಡಿದರು. ಗಂಟಿನೊಳಗೆ ರಕ್ತ ಇಳಿದಿದೆ, ಒಡೆದಿಲ್ಲ, ನರ ಜಜ್ಜಿದೆ, ಬಹುಶಃ ಸರಿಹೋಗುತ್ತದೆ, ವಾರ ಬಿಟ್ಟು ಬನ್ನಿ ಎಂದರು. ಬಹುಶಃ ಎಂಬ ಆ ಮಾತು ಬೆರಳಿಗಿಂತ ಹೆಚ್ಚು ನೋಯಿಸಿತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ, ಇನ್ನು ಶಾಲೆಯ ಮಾತೇ ಇಲ್ಲ ಎಂದು ಅವಳು ಹೇಳುವುದನ್ನು ನಾನು ಕಾದೆ. ಅಮ್ಮ ನನ್ನ ಎಡಗೈಯನ್ನು ತನ್ನ ಮಡಿಲಿಗೆ ಎತ್ತಿಟ್ಟುಕೊಂಡಳು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸೈಕಲ್ ಹೋಗ್ತದೆ."

"ಹೌದಲ್ಲ. ಹಂಗಂತ ಮಾತಾಡಿದ್ದು ನಾವಿಬ್ರೇ." ನನ್ನ ಕಡೆ ತಿರುಗಿ ಹೇಳಿದಳು, "ಇಷ್ಟು ದಿನ ನೀನು ಹೇಳಿದ ಬೆಲೆಗೆ ನಾನು ಒಪ್ಪಿದೆ. ಈಗ ನನ್ನ ಬೆಲೆ ಕೇಳು. ಬಿದ್ದಿದ್ದಕ್ಕೆ ಬೈಯಲ್ಲ. ನೋವಾದ ದಿನವೇ ಹೇಳಿದ್ರೆ, ವಾಸಿ ಆದ ಮೇಲೆ ಸೈಕಲ್ ನಿಂದೇ. ಮುಚ್ಚಿಟ್ರೆ ಅವತ್ತಿಗೇ ಮುಗೀತು."

ನಾನು ಎದುರು ದರ ಹೇಳಲಿಲ್ಲ. ನನ್ನ ಜೀವಮಾನದಲ್ಲಿ ಒಂದು ಪೈಸೆ ಇಳಿಸಲು ನೋಡದೆ ಒಪ್ಪಿಕೊಂಡ ಬೆಲೆ ಅದೊಂದೇ. ಬೆರಳಿನ ಜುಮುಜುಮು ಹೋಗಲು ಮೂರು ವಾರ ಹಿಡಿಯಿತು. ಎಂಟನೇ ಕ್ಲಾಸಿನ ಮೊದಲ ಹದಿನೈದು ದಿನ ಅಪ್ಪಯ್ಯ ಶಾಪು ಮುಚ್ಚಿ ನನ್ನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಹೋದ. ಆಮೇಲೆ ನಾನೇ ತುಳಿದೆ, ಹತ್ತನೆಯ ತನಕ. ಹಿತ್ತಿಲಿಗೆ ನಲ್ಲಿ ಬರುವ ತನಕ ಅಷ್ಟೂ ವರ್ಷ ನೀರು ಹೊತ್ತವಳು ಅಮ್ಮ. ನನ್ನ ಬಾಗು ಹೆಚ್ಚಾಗಲಿಲ್ಲ. ಅವಳ ಸೊಂಟ ಈಗ ಕೂತರೆ ಏಳಲು ಬಿಡುವುದಿಲ್ಲ.

ಹೋದ ತಿಂಗಳು ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ ಮದುವೆ ಪಾತ್ರೆಗೆಂದು ಅಂಗಡಿಗೆ ಬಂದವರು ನನ್ನ ತೋಳಿನ ಗಂಟುಗಳನ್ನು ನೋಡುತ್ತಾ ನಿಂತರು. ತಮ್ಮ ಮಗಳಿಗೂ ಹೀಗೇ, ಓಟಕ್ಕೆ ಬಿಡಬಹುದಾ ಎಂದು ಮೆಲ್ಲಗೆ ಕೇಳಿದರು. ಬಿಡುವುದು, ಬಿಡದಿರುವುದು ಡಾಕ್ಟರು ಹೇಳಲಿ, ಮೊದಲು ಮನೆಯಲ್ಲಿ ಅವಳು ಏನೇನು ಎತ್ತುತ್ತಾಳೆ ಅದನ್ನು ಹೇಳಿ ಅಂದೆ. ಗ್ಯಾಸ್ ಸಿಲಿಂಡರ್ ಅಂದರು.

ನಿಮಗೂ ಅದನ್ನೇ ಹೇಳುತ್ತೇನೆ. ಡಾಕ್ಟರ ಹತ್ತಿರ ಹೋದಾಗ ಆಟವನ್ನಷ್ಟೇ ಹೇಳಬೇಡಿ, ಕೆಲಸವನ್ನೂ ಹೇಳಿ. ಕೊಡ, ಹಿಟ್ಟಿನ ಚೀಲ, ಕಂಕುಳಲ್ಲಿ ಹೊತ್ತು ತಿರುಗುವ ಮಗು, ಎಲ್ಲವೂ ಮೈಗೆ ವ್ಯಾಯಾಮವೇ. ಕಸರತ್ತು ಶುರು ಮಾಡುವ ಮುಂಚೆ ಬೆನ್ನು, ಕಾಲಿನ ಮೂಳೆ, ಕಣ್ಣು, ಬಿ.ಪಿ. ತೋರಿಸಿ, ದೊಡ್ಡವರಾದ ಮೇಲೂ ವರ್ಷಕ್ಕೊಮ್ಮೆ ತೋರಿಸಿ. ಈ ತೊಂದರೆಯಲ್ಲಿ ಬಿ.ಪಿ. ಸದ್ದಿಲ್ಲದೆ ಏರುವುದುಂಟು. ನನ್ನ ಸುತ್ತುಗಳ ಹಾಗೆ ಮೂರರಿಂದ ನಾಲ್ಕಕ್ಕೆ ಹೋಗಿ, ಮೂರರಿಂದ ಹತ್ತಕ್ಕೆ ಹಾರಬೇಡಿ. ನಡಿಗೆ, ಈಜು, ಸೈಕಲ್ಲು ಬಹಳ ಜನರಿಗೆ ಒಗ್ಗುತ್ತವೆ, ನಿಮಗೆ ಒಗ್ಗುತ್ತದೆಯೇ ಎಂದು ಕೇಳಿಕೊಳ್ಳಿ. ಗುದ್ದಾಟದ ಆಟಕ್ಕೆ ಇಳಿಯುವ ಮುಂಚೆಯಂತೂ ಕೇಳಲೇಬೇಕು. ಚೀಲಕ್ಕೆ ಎರಡು ಪಟ್ಟಿ ಇರಲಿ, ಗಂಟು ಉಜ್ಜುವ ಕಡೆ ಮೆತ್ತನೆಯ ಬಟ್ಟೆ ಇರಲಿ, ತಲೆಗೆ ಹೆಲ್ಮೆಟ್ ಇರಲಿ. ಹೆದರಿಕೆ ಪೂರ್ತಿ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ನನಗೆ ಈಗಲೂ ಹೊಸ ಗಂಟು ಕೈಗೆ ಸಿಕ್ಕರೆ ಅವತ್ತು ನಿದ್ದೆ ಬರುವುದಿಲ್ಲ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ, ವಾರಕ್ಕೊಮ್ಮೆ ಅದರ ಮೇಲೆ ಕೈಯಾಡಿಸಿ ಬಾಯಿಬಿಟ್ಟು ಎಣಿಸುವವರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ಅವರು ಬೈಯುವುದಿಲ್ಲ ಎಂಬ ಮಾತನ್ನು ಮೊದಲೇ ತೆಗೆದುಕೊಳ್ಳಿ. ಆಮೇಲೆ ನಿಮ್ಮ ಕಡೆಯ ಮಾತನ್ನು ನೀವು ನಡೆಸಿ: ಗುರುವಾರದ ನೋವನ್ನು ಶನಿವಾರದ ತನಕ ಇಟ್ಟುಕೊಳ್ಳಬೇಡಿ.